ಜವಳಿ ಅಂಗಡಿಯ ಬುದ್ಧಿ ಪರೀಕ್ಷೆ

ಶಿರಸಿ
೪ ಫೆಬ್ರವರಿ ೨೦೨೫

ಮಂಜಪ್ಪ ಮಾಸ್ತರಿಗೆ ಶಂಕ್ರಪ್ಪನ ನಮಸ್ಕಾರ.

ಕಾಗದ ಬಂತೆಂದು ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಫೋನು ಮಾಡಬಹುದಿತ್ತು. ಆದರೆ ನಿಮ್ಮ ಮಂಚಿಕೇರಿಯಲ್ಲಿ ನೀನು ಮನೆ ಹಿಂದಿನ ದರೆಯ ದಿಬ್ಬ ಹತ್ತಿ ನಿಂತರೆ ಮಾತ್ರ ಸಿಗ್ನಲ್ ಸಿಕ್ಕು ಮಾತು ಕೇಳಿಸುತ್ತದೆ. ನನ್ನ ಅಂಗಡಿಯಲ್ಲೋ, ನಾನು ಪಿಸುಗುಟ್ಟಿದರೂ ಗಾದಿಯ ಮೇಲಿನ ಗಿರಾಕಿಯಿಂದ ಹಿಡಿದು ಮನೆಯಲ್ಲಿರುವ ನೀಲಗಂಗವ್ವನವರೆಗೆ ಎಲ್ಲರಿಗೂ ಗೊತ್ತಾಗುತ್ತದೆ. ಇದು ನನ್ನ ಹೆಂಡತಿಗೆ ಗೊತ್ತಾಗಲೇಬಾರದ ವಿಷಯ.

ನಮ್ಮ ಮಾಳಿಗೆಯಲ್ಲಿ ಮದುವೆ ಜವಳಿ ತೋರಿಸುತ್ತಿದ್ದ ಸಂಗಯ್ಯ ಮೊಣಕಾಲು ನೋವೆಂದು ಕೆಲಸ ಬಿಟ್ಟ. ಸುದ್ದಿ ಹೊರಬಿದ್ದ ಸಂಜೆಯೇ ಬನವಾಸಿಯಿಂದ ಹೆಂಡತಿಯ ತಮ್ಮ ಕೆರಿಯಪ್ಪ ಬಂದಿಳಿದ. ಕೈಯಲ್ಲಿ ಅನಾನಸು, ಬೆನ್ನ ಹಿಂದೆ ಮಗ ಆನಂದ. ಅನಾನಸು ಒಂದೇ ಬಂದಿದ್ದರೆ ಸಂತೋಷವಿತ್ತು. ಈ ಆನಂದ ಹಾವೇರಿಯಲ್ಲೊಂದು ಅಂಗಡಿ, ಹುಬ್ಬಳ್ಳಿಯಲ್ಲೊಂದು ಆಫೀಸು ಬಿಟ್ಟು ಬಂದವನು. ಯಾಕಪ್ಪಾ ಎಂದರೆ ಅಲ್ಲಿಯವರಿಗೆ ತಿಳಿವಳಿಕೆ ಕಡಿಮೆ ಎನ್ನುತ್ತಾನೆ. ಬೆಳಿಗ್ಗೆ ಒಂಬತ್ತಕ್ಕೆ ಏಳುತ್ತಾನೆ, ಎದ್ದವನೇ ಎದುರಿಗಿದ್ದವರ ತಪ್ಪು ಹುಡುಕುತ್ತಾನೆ.

ಬೇಡ ಅಂದುಬಿಡು ಎಂದು ನೀನು ಹೇಳುತ್ತೀ. ನೀನು ಹುಡುಗರ ಹಾಳೆಯ ಮೇಲೆ ನಪಾಸು ಎಂದು ಬರೆದು ರೂಢಿಯಾದವನು. ಅಂಗಡಿಕಾರನ ಬಾಯಲ್ಲಿ 'ಇಲ್ಲ' ಬರುವುದಿಲ್ಲ ಮಾರಾಯ. ಗಿರಾಕಿ ಕೇಳಿದ ಬಣ್ಣ ಇಲ್ಲದಿದ್ದರೂ 'ನೋಡೂಣ್ರಿ, ಬರ್ರಿ, ಕೂಡ್ರಿ' ಅನ್ನುವ ಜಾತಿ ನಮ್ಮದು. ಕೆರಿಯಪ್ಪನಿಗೂ 'ನೋಡೂಣು' ಅಂದೆ. ಅವನು ಅದನ್ನೇ ಹೂಂ ಎಂದು ತಿಳಿದು ನೆಮ್ಮದಿಯಿಂದ ಊಟ ಮಾಡಿ ಹೋದ.

ಹೋದ ವಾರ ಹುಬ್ಬಳ್ಳಿಯಲ್ಲಿ ಜವಳಿ ವರ್ತಕರ ಸಭೆಯಿತ್ತು. ಟೈ ಕಟ್ಟಿದ ಹುಡುಗನೊಬ್ಬ ಭಾಷಣ ಮಾಡಿ, ದೊಡ್ಡ ದೊಡ್ಡ ಕಂಪನಿಗಳೆಲ್ಲ ಬುದ್ಧಿ ಪರೀಕ್ಷೆ ಮಾಡಿಯೇ ಕೆಲಸಕ್ಕೆ ತೆಗೆದುಕೊಳ್ಳುತ್ತವೆ, ಅಲ್ಲಿ ಶಿಫಾರಸು ನಡೆಯುವುದಿಲ್ಲ ಎಂದ. ನನಗೆ ಅವನ ಕಾಲು ಹಿಡಿಯಬೇಕು ಅನ್ನಿಸಿತು. ಪರೀಕ್ಷೆ ಇಟ್ಟರೆ ಬೇಡ ಅನ್ನುವುದು ನಾನಲ್ಲ, ಕಾಗದ. ಕಾಗದದ ಮೇಲೆ ನೀಲಗಂಗವ್ವ ಸಿಟ್ಟು ಮಾಡಲಾರಳು.

ಹೈಸ್ಕೂಲಿನಲ್ಲಿ ನಿನ್ನ ಪಕ್ಕ ಕೂತು ಪಾಸಾದವನು ನಾನು. ಇನ್ನೊಮ್ಮೆ ದಾಟಿಸು. ಆನಂದನಿಗೆ ಸುತರಾಂ ಬಿಡಿಸಲಾಗದಂಥ ಒಂದು ಪ್ರಶ್ನೆಪತ್ರಿಕೆ ಮಾಡಿ ಕಳಿಸು. ಇಲ್ಲಿ ಎಲ್ಲರೂ ಕ್ಷೇಮ. ಮಗಳು ಸ್ಫೂರ್ತಿ ಡಿಗ್ರಿ ಮುಗಿಸಿ ಮನೆಯಲ್ಲಿದ್ದಾಳೆ, ಮುಂದೇನು ಎಂದು ಅವಳೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.

ನಿನ್ನ
ಶಂಕ್ರಪ್ಪ


ಮಂಚಿಕೇರಿ
೧೧ ಫೆಬ್ರವರಿ ೨೦೨೫

ಸಾವ್ಕಾರ ಶಂಕ್ರಪ್ಪನವರ ಸನ್ನಿಧಿಗೆ,

ನಿನ್ನ ಕಾಗದ ಓದಿ ನನಗೆ ಸಿಟ್ಟು ಬಂತು. ಸೀರೆ ತೋರಿಸುವವರಿಗೆ ಬುದ್ಧಿ ಪರೀಕ್ಷೆಯೆ? ನಾಳೆ ಅಡುಗೆ ಭಟ್ಟರಿಗೆ ಈಜಿನ ಪರೀಕ್ಷೆ ಇಡು. ಮನುಷ್ಯನ ಬುದ್ಧಿ ಒಂದು ತಾಸಿನ ಹಾಳೆಯಲ್ಲಿ ಹಿಡಿಯುವಂಥದ್ದಲ್ಲ. ಹಾಳೆ ಅಳೆಯುವುದು ಹಾಳೆ ತುಂಬಿಸುವ ಶಕ್ತಿಯನ್ನು ಮಾತ್ರ. ಅದೂ ಅಲ್ಲದೆ, ಉತ್ತರ ಮೊದಲೇ ನಿಶ್ಚಯ ಮಾಡಿಕೊಂಡು ಪ್ರಶ್ನೆ ಕೇಳುವುದು ಶುದ್ಧ ಮೋಸ. ನಾನು ಇದಕ್ಕೆ ಕೈ ಹಾಕುವುದಿಲ್ಲ.

ಇಷ್ಟು ಬರೆದಿಟ್ಟು ಊಟಕ್ಕೆ ಎದ್ದೆ. ಊಟ ಮುಗಿಯುವಷ್ಟರಲ್ಲಿ ಒಂದಿಷ್ಟು ಪ್ರಶ್ನೆ ತಾವಾಗಿಯೇ ಹೊಳೆದವು. ಮಜ್ಜಿಗೆ ಅನ್ನ ಕಲಸುತ್ತ ಬೆರಳಲ್ಲಿ ಬಾಳೆಲೆಯ ಮೇಲೆ ಲೆಕ್ಕ ಹಾಕುವುದನ್ನು ಕಂಡು ನಮ್ಮನೆಯವಳು, "ನಿಂಗಕ್ಕೆ ಪರೀಕ್ಷೆ ಇಲ್ದೇ ಮೈ ಸರಿ ಇರ್ತಿಲ್ಲೆ" ಅಂದಳು. ಅವಳಿಗೆ ಅರ್ಥವಾಗದು. ನಿವೃತ್ತನಾದ ಮೇಲೆ ನಾನು ಪ್ರಶ್ನೆ ಕೇಳಿದರೆ ಉತ್ತರ ಕೊಡಲೇಬೇಕಾದವರು ಈ ಪ್ರಪಂಚದಲ್ಲಿ ಯಾರೂ ಉಳಿದಿಲ್ಲ.

ಆದ್ದರಿಂದ ಒಪ್ಪಿದ್ದೇನೆ, ಆದರೆ ನನ್ನ ಷರತ್ತಿನ ಮೇಲೆ. ನಲವತ್ತು ಪ್ರಶ್ನೆ. ಪರೀಕ್ಷೆ ಎಲ್ಲರಿಗೂ ನ್ಯಾಯವಾಗಿ ನಡೆಯಬೇಕು. ಹಾಳೆಯ ಮೇಲೆ ಹೆಸರು ಬೇಡ, ನಂಬರು ಮಾತ್ರ. ಲಕೋಟೆಗೆ ಅಂಟು ಹಚ್ಚಿ ನನಗೆ ಕಳಿಸು. ನಿನ್ನ ಭಾವಮೈದುನನ ಮಗ ಯಾವ ನಂಬರೆಂದು ನನಗೆ ತಿಳಿಸಕೂಡದು. ಅವನು ಬೀಳುವುದಾದರೆ ತನ್ನ ಯೋಗ್ಯತೆಯಿಂದಲೇ ಬೀಳಲಿ.

ನಮ್ಮ ಮಗಳು ಸಂಹಿತಾ ಶಿರಸಿಯಲ್ಲೇ ಅವಳ ಸೋದರತ್ತೆಯ ಮನೆಯಲ್ಲಿದ್ದಾಳೆ, ಬ್ಯಾಂಕ್ ಪರೀಕ್ಷೆಯ ಕೋಚಿಂಗಿಗೆ ಸೇರಿಸಿದ್ದೇನೆ. ಎದುರಿಗೆ ಸಿಕ್ಕಿದರೆ ಓದುತ್ತಿದ್ದೀಯಾ ಎಂದು ಗದರಿಸು. ಈ ಹುಡುಗಿಗೆ ಲೆಕ್ಕವೆಂದರೆ ನಿದ್ದೆ. ಜನ ಸಿಕ್ಕಿದರೆ ಮಾತ್ರ ಎಚ್ಚರ. ಗಣಿತದ ಮಾಸ್ತರನ ಹೊಟ್ಟೆಯಲ್ಲಿ ಹುಟ್ಟಿ ಹೀಗಾದಳಲ್ಲ ಎಂದು ನನಗೊಂದು ಕೊರಗು. ಬ್ಯಾಂಕಿನಲ್ಲಿ ಕುರ್ಚಿ ಹಿಡಿದು ಕೂತರೆ ನನ್ನ ಕಣ್ಣಿಗೂ ನಿದ್ದೆ ಬಂದೀತು. ಈಗಾಗಲೇ ಊರಲ್ಲಿ ಕೇಳಿದವರಿಗೆಲ್ಲ ಬ್ಯಾಂಕ್ ಎಂದೇ ಹೇಳಿಬಿಟ್ಟಿದ್ದೇನೆ.

ಪ್ರಶ್ನೆಪತ್ರಿಕೆ ಜೊತೆಗಿದೆ.

ಮಂಜಪ್ಪ


ಶಿರಸಿ
೨೫ ಫೆಬ್ರವರಿ ೨೦೨೫

ಮಾಸ್ತರೇ,

ರವಿವಾರ ಪರೀಕ್ಷೆ ಮುಗಿಯಿತು. ಅದು ಪರೀಕ್ಷೆಯಂತೆ ಕಂಡಿತೆಂದು ಮಾತ್ರ ಹೇಳಲಾರೆ.

ಬೋರ್ಡು ನೋಡಿ ಕೆಲಸ ಕೇಳಿ ಬಂದವರನ್ನೆಲ್ಲ ಮಾಳಿಗೆಯಲ್ಲಿ ಗಾದಿ ಹಾಸಿ ದೂರ ದೂರ ಕೂರಿಸಿದ್ದೆ. ಒಬ್ಬರಿಗೊಬ್ಬರು ಪರಿಚಯ ಹೇಳಿಕೊಳ್ಳುವಷ್ಟರಲ್ಲಿ ಅರ್ಧ ಮಂದಿ ನೆಂಟರೆಂದು ಗೊತ್ತಾಯಿತು. ಅಲ್ಲಿಗೆ ದೂರ ಕೂರುವುದು ಅವಮಾನವಾಗಿ ಎಲ್ಲರೂ ಹತ್ತಿರ ಸರಿದರು. ಬರೆಯತೊಡಗಿದ ಸ್ವಲ್ಪ ಹೊತ್ತಿಗೆ ನೀಲಗಂಗವ್ವ ಮಂಡಕ್ಕಿ, ಮಿರ್ಚಿ, ಚಹಾ ತಂದಳು. ಪರೀಕ್ಷೆಯಲ್ಲಿ ತಿನ್ನುವ ಹಾಗಿಲ್ಲ ಎಂದೆ. ಮನೆ ಬಾಗಿಲಿಗೆ ಬಂದ ಮಕ್ಕಳನ್ನು ಹಸಿದು ಕೂಡ್ರಿಸಿ ಲೆಕ್ಕ ಕೇಳುವುದು ಯಾವ ಧರ್ಮ ಎಂದಳು. ಹಾಗಾಗಿ ಕೆಲವು ಹಾಳೆಗಳ ಮೇಲೆ ಎಣ್ಣೆ ಕಂಡರೆ ತಪ್ಪು ತಿಳಿಯಬೇಡ.

ಆನಂದ ಅರ್ಧ ಹೊತ್ತಿಗೇ ಪೆನ್ನು ಮುಚ್ಚಿ, ಗಾದಿಯ ಮೇಲೆ ಕಾಲು ಚಾಚಿ ಗೊರಕೆ ಹೊಡೆದ. ನನ್ನ ಹೊಟ್ಟೆ ತಣ್ಣಗಾಯಿತು. ಖಾಲಿ ಹಾಳೆ ಕೊಟ್ಟು ಮಲಗಿದ್ದಾನೆ, ಇನ್ನು ಕೆಲಸ ಸಲೀಸು ಅಂದುಕೊಂಡೆ.

ಅಷ್ಟರಲ್ಲಿ ಸಿದ್ದಾಪುರದ ಕಡೆಯ ಮನ್ಮನೆಯಿಂದ ಒಂದು ಮದುವೆ ಮನೆಯವರು ಮೆಟ್ಟಿಲು ಹತ್ತಿಬಂದರು. ಕೆಳಗೆ 'ಇಂದು ರಜೆ' ಎಂದು ಬೋರ್ಡು ತೂಗಿಹಾಕಿದ್ದೆ. ಅದು ಬೇರೆಯವರಿಗೆ ಎಂದುಕೊಂಡರಂತೆ. ಅಜ್ಜಿಯಿಂದ ಹಿಡಿದು ಕೈಗೂಸಿನವರೆಗೆ ಬಂದವರನ್ನು ಹೋಗ್ರಿ ಅನ್ನಲಾದೀತೇ? ಪರೀಕ್ಷೆ ಬರೆಯುವವರ ನಡುವೆಯೇ ಕೂತರು. ಏಳನೇ ನಂಬರಿನ ಹುಡುಗಿ ಹಾಳೆ ಪಕ್ಕಕ್ಕಿಟ್ಟು ಎದ್ದು ಅವರನ್ನು ನೋಡಿಕೊಂಡಳು. ಅವಳ ಹೊತ್ತೆಲ್ಲ ಅಲ್ಲೇ ಹೋಯಿತು. ಕೊನೆಗೆ ನಾಲ್ಕು ಗೆರೆ ಗೀಚಿ ಕೊಟ್ಟಳು.

ಇವಳ ವಿಷಯದಲ್ಲಿ ನಿನ್ನ ಕೈ ಸ್ವಲ್ಪ ಸಡಿಲ ಬಿಡು. ನನಗೆ ತೀರ ಬೇಕಾದ ಹುಡುಗಿ. ಪರೀಕ್ಷೆಗೆ ಬಂದದ್ದು ಅವಳ ಮನೆಯಲ್ಲಿ ಗೊತ್ತಿಲ್ಲ. ಅಪ್ಪ ಬೇರೆಯದೇ ನೌಕರಿಯ ಕನಸು ಕಟ್ಟಿಕೊಂಡಿದ್ದಾರೆ, ಸದ್ಯ ಹೇಳಬೇಡಿ ಎಂದು ಕೈಹಿಡಿದು ಕೇಳಿಕೊಂಡಳು. ಈ ಕೆಲಸ ಸಿಗದಿದ್ದರೆ ಅವಳು ಅಪ್ಪ ಹೇಳಿದ ಕಡೆಗೇ ಹೋಗಬೇಕು. ಆ ಮುಖ ನೋಡಿದರೆ ನಿನಗೂ ಇಲ್ಲ ಅನ್ನಲಾಗುತ್ತಿರಲಿಲ್ಲ.

ಶಂಕ್ರಪ್ಪ


ಮಂಚಿಕೇರಿ
೫ ಮಾರ್ಚ್ ೨೦೨೫

ಶಂಕ್ರಪ್ಪಾ,

ಎಲ್ಲಾದರೂ ಅಂಕ ಕೊಡುವಾಗ ಮುಖ ನೋಡುತ್ತಾರೇನೋ? ಅದಕ್ಕೇ ನಾನು ನಂಬರು ಹಾಕಿಸಿದ್ದು.

ಮೊದಲು ಸಂತೋಷದ ಸುದ್ದಿ. ನಾಲ್ಕನೇ ನಂಬರು! ನಲವತ್ತಕ್ಕೆ ನಲವತ್ತು. ಇಪ್ಪತ್ತಮೂರನೇ ಪ್ರಶ್ನೆಗೆ ನಾನು ಕೊಟ್ಟ ಆಯ್ಕೆಗಳಲ್ಲಿ ಸರಿಯುತ್ತರವೇ ಇರಲಿಲ್ಲ, ಕಣ್ತಪ್ಪಿನಿಂದ ಬಿಟ್ಟುಹೋಗಿತ್ತು. ಬೇರೆಲ್ಲರೂ ಏನೋ ಒಂದಕ್ಕೆ ಗುರುತು ಹಾಕಿದ್ದಾರೆ. ನಾಲ್ಕನೆಯವನು ಮಾತ್ರ ಬದಿಯಲ್ಲಿ 'ಪ್ರಶ್ನೆ ತೆಗೆದವರು ಇನ್ನೊಮ್ಮೆ ಲೆಕ್ಕ ಮಾಡಿ ನೋಡತಕ್ಕದ್ದು' ಎಂದು ಬರೆದಿದ್ದಾನೆ. ನನ್ನ ಸರ್ವೀಸಿನಲ್ಲೇ ಇಂಥ ವಿದ್ಯಾರ್ಥಿ ಸಿಗಲಿಲ್ಲ. ಕಣ್ಣು ಮುಚ್ಚಿ ಕೆಲಸಕ್ಕೆ ತೆಗೆದುಕೋ. ನನಗೊಬ್ಬ ಮಗ ಇದ್ದಿದ್ದರೆ ಹೀಗಿರಲಿ ಎಂದು ಬಯಸುತ್ತಿದ್ದೆ.

ಉಳಿದವರು ಹದಿನೆಂಟು ಇಪ್ಪತ್ತರ ಆಸುಪಾಸು. ಒಬ್ಬರ ತಪ್ಪು ಎಲ್ಲರಲ್ಲೂ ಇದೆ, ನೆಂಟಸ್ತಿಕೆ ಅಂದರೆ ಇದೇ ಇರಬೇಕು.

ಇನ್ನು ನಿನ್ನ ಏಳನೇ ನಂಬರು. ನಲವತ್ತಕ್ಕೆ ಆರು, ಅದೂ ಹಾಳೆ ಹರಿಯದೆ ಕೊಟ್ಟದ್ದಕ್ಕೆ. 'ಆರು ಹೆಂಗಸರು ಆರು ಸೀರೆ ಆರಿಸಲು ಆರು ತಾಸು ಬೇಕಾದರೆ, ಹನ್ನೆರಡು ಹೆಂಗಸರು ಹನ್ನೆರಡು ಸೀರೆ ಆರಿಸಲು ಎಷ್ಟು ತಾಸು ಬೇಕು?' ಆರು ಎಂದು ಬರೆದರೆ ಮುಗಿಯಿತು. ಈ ತಾಯಿ ಏನು ಬರೆದಿದ್ದಾಳೆ ಗೊತ್ತೇ? 'ಹನ್ನೆರಡು ಜನ ಒಟ್ಟಿಗೆ ಬಂದರೆ ಆ ದಿನ ಒಂದೂ ಆರಿಸುವುದಿಲ್ಲ. ಮರುದಿನ ಇಬ್ಬರು ಬಂದು ಒಯ್ಯುತ್ತಾರೆ.' ಇನ್ನೊಂದು: 'ಎಲ್ಲ ಮಾವಂದಿರೂ ಮುಂಗೋಪಿಗಳು. ಗಣಪಯ್ಯ ಒಬ್ಬ ಮಾವ. ಹಾಗಾದರೆ ಗಣಪಯ್ಯ ಎಂಥವನು?' ಅದಕ್ಕೆ ಇವಳ ಉತ್ತರ, 'ಜವಳಿಯ ದಿನ ಮಾವಂದಿರು ಬಾಯಿ ಬಿಡುವುದಿಲ್ಲ, ಆದ್ದರಿಂದ ಹೇಳಲಾಗದು.'

ನಾನು ನಕ್ಕು ನಕ್ಕು ಕೆಮ್ಮು ಬರಿಸಿಕೊಂಡು ನಮ್ಮನೆಯವಳಿಗೂ ತೋರಿಸಿದೆ. ಅವಳೂ ನಗತೊಡಗಿದವಳು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ನಗು ನಿಲ್ಲಿಸಿ ಒಳಗೆ ಹೋದಳು. ಪಾಪ, ಹಡೆದವರ ನೆನಪಾಗಿ ಮರುಕ ಹುಟ್ಟಿರಬೇಕು. ನನಗೂ ಅದೇ ಅನ್ನಿಸಿತು. ಈ ಹುಡುಗಿಯ ಅಪ್ಪ ಯಾವ ಪುಣ್ಯಾತ್ಮನೋ, ಅವಳ ಪುಸ್ತಕ ಒಂದು ದಿನವಾದರೂ ತೆರೆದು ನೋಡಿದ್ದಾನೋ ಇಲ್ಲವೋ. ಇಂಥವಳನ್ನು ಅಂಗಡಿಗೆ ಗಿರಾಕಿಯಾಗಿ ಬಿಟ್ಟುಕೊಳ್ಳುವುದಕ್ಕೂ ನಾನು ಹೆದರುತ್ತಿದ್ದೆ. ಸಡಿಲ ಗಿಡಿಲ ನನ್ನ ಹತ್ತಿರ ಇಲ್ಲ.

ಮಂಜಪ್ಪ


ಶಿರಸಿ
೧೯ ಮಾರ್ಚ್ ೨೦೨೫

ಮಾಸ್ತರೇ,

ನಿನ್ನ ನಾಲ್ಕನೇ ನಂಬರು ಆನಂದ.

ಎರಡು ವಾರ ನಾನು ಯಾಕೆ ಬರೆಯಲಿಲ್ಲ ಎಂದು ಈಗ ತಿಳಿಯಿತೇ? ಫಲಿತಾಂಶದ ದಿನ ನೀಲಗಂಗವ್ವ ಓಣಿಗೆಲ್ಲ ಪೇಡೆ ಹಂಚಿದಳು. 'ನಮ್ಮ ತವರುಮನೀಯವರ ತಲಿ ಅಂದ್ರ ಏನಂತ ತಿಳಿದೀರಿ' ಎಂದು ನನ್ನ ಮುಖ ನೋಡಿ ನೋಡಿ ಹೇಳಿದಳು. ಕೆರಿಯಪ್ಪ ಈ ಸಲ ಅನಾನಸಿನ ಚೀಲವನ್ನೇ ಹೊತ್ತು ತಂದ. ನಾನೇ ತೋಡಿದ ಗುಂಡಿಗೆ ನಾನೇ ಹಾರ ಹಾಕಿಕೊಂಡು ಇಳಿದೆ.

ಅವನು ಬುದ್ಧಿವಂತ, ಇಲ್ಲ ಅನ್ನುವುದಿಲ್ಲ. ಅದೇ ಕಷ್ಟವಾಗಿರುವುದು. ಮೊನ್ನೆ ಹೆಗಡೆಕಟ್ಟಾದಿಂದ ಮದುವೆ ಜವಳಿಗೆ ಬಂದರು. ನಿನಗೆ ಗೊತ್ತಲ್ಲ, ಜವಳಿ ತೆಗೆಯುವುದೆಂದರೆ ಬೆಳಿಗ್ಗೆ ಬಂದವರು ಸಂಜೆ ಏಳಬೇಕು. ನಡುವೆ ಊಟ, ಮುನಿಸು, ಒಂದಿಷ್ಟು ಹಳೆಯ ಮದುವೆಗಳ ಸುದ್ದಿ, ಯಾರಾದರೊಬ್ಬರ ಕಣ್ಣೀರು, ಎಲ್ಲ ಆಗಬೇಕು. ಆನಂದ ಅವರಿಗೆ ನಾಲ್ಕೇ ಪ್ರಶ್ನೆ ಕೇಳಿ, ತಟ್ಟನೆ ಎದ್ದು, ಬೇಕಾದ ಸೀರೆಗಳನ್ನೆಲ್ಲ ತೆಗೆದು ಮುಂದಿಟ್ಟ. ಎಲ್ಲವೂ ಸರಿಯಾಗಿದ್ದವು. ಚಹಾ ಬರುವುದರೊಳಗೆ ವ್ಯಾಪಾರ ಮುಗಿದುಹೋಯಿತು. ಅವರು ಚೀಲ ಹಿಡಿದು ಬೀದಿಯಲ್ಲಿ ಏನು ಮಾಡಬೇಕೆಂದು ತೋಚದೆ ನಿಂತಿದ್ದರು. ಮರುದಿನ ಹಿರಿಯರೊಬ್ಬರು ಬಂದು ಎಲ್ಲ ವಾಪಸು ಕೊಟ್ಟು, "ಸೀರೆ ಚೊಲೋ ಇದ್ವು ಶಂಕ್ರಪ್ಪನವ್ರೇ. ಜವಳಿ ತೆಗೆದಾಂಗೆ ಆಜಿಲ್ಲೆ" ಅಂದರು. ಸೀರೆ ಒಯ್ದರೂ ಜವಳಿ ತೆಗೆದ ಹಾಗೆ ಆಗಲೇ ಇಲ್ಲವಂತೆ.

ಇನ್ನೊಬ್ಬ ಹೆಂಗಸು ಸೀರೆ ಹೆಗಲಿಗೆ ಹಾಕಿಕೊಂಡು ನನಗೆ ಒಪ್ಪುತ್ತದೆಯೇ ಎಂದು ಕೇಳಿದಳು. ಒಪ್ಪುವುದಿಲ್ಲ ಎಂದು ಹೇಳಿ, ಕಾರಣವನ್ನೂ ವಿವರಿಸಿದ.

ಅವನನ್ನು ತೆಗೆದರೆ ಹೆಂಡತಿ ಹೋದಾಳು, ಇಟ್ಟರೆ ಗಿರಾಕಿ ಹೋಗುತ್ತಾರೆ. ಒಂದು ಮಾತು ಮನಸ್ಸು ಬಿಚ್ಚಿ ಹೇಳು. ಆ ಏಳನೇ ನಂಬರಿನವಳು ನಿತ್ಯ ಅಂಗಡಿಯ ಮುಂದೆ ಹಾಯ್ದು ಹೋಗುತ್ತಾಳೆ, ಏನಾಯಿತೆಂದು ಬಾಯಿ ಬಿಟ್ಟು ಕೇಳುವುದಿಲ್ಲ. ಅವಳು ಮಗಳಾಗಿದ್ದರೆ ನೀನು ಏನು ಮಾಡುತ್ತಿದ್ದೆ? ಆರು ಅಂಕ ಬಿದ್ದಿದೆ ಎಂದು ಬಿಟ್ಟುಬಿಡುತ್ತಿದ್ದೆಯಾ? ಯೋಚನೆ ಮಾಡಿ ಬರೆ. ನಿನ್ನ ಮಾತಿನ ಮೇಲೆ ಒಬ್ಬಳ ಬದುಕು ನಿಂತಿದೆ.

ಶಂಕ್ರಪ್ಪ


ಮಂಚಿಕೇರಿ
೨೫ ಮಾರ್ಚ್ ೨೦೨೫

ಪ್ರಿಯ ಶಂಕ್ರಪ್ಪ,

ನಿನ್ನ ಕಾಗದವನ್ನು ಎರಡೆರಡು ಸಲ ಓದಿದೆ. ಎರಡನೇ ಸಲ ನನಗೆ ಎಲ್ಲ ತಿಳಿಯಿತು. ನೀನು ಹೆಸರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ನಾನು ಮೂಢನಲ್ಲ. ಡಿಗ್ರಿ ಮುಗಿಸಿ ಮನೆಯಲ್ಲಿರುವ ಮಗಳು, ಅಪ್ಪನಿಗೆ ಹೇಳಲು ಹೆದರುವ ಮಗಳು, ತೀರ ಬೇಕಾದ ಹುಡುಗಿ! ಅಯ್ಯೋ ಮಾರಾಯ, ಅದು ಸ್ಫೂರ್ತಿ ಎಂದು ಮೊದಲೇ ಹೇಳಬಾರದಿತ್ತೇ? ಅಪ್ಪ ಎಂದರೆ ಯಾವನೋ ಎಂದುಕೊಂಡು ಬಾಯಿಗೆ ಬಂದಂತೆ ಬರೆದೆ. ಕ್ಷಮಿಸು.

ಈಗ ಮನಸ್ಸು ಬಿಚ್ಚಿಯೇ ಹೇಳುತ್ತೇನೆ. ಆ ಆರು ಅಂಕವನ್ನು ಒಲೆಗೆ ಹಾಕು. ನನ್ನ ಪ್ರಶ್ನೆಪತ್ರಿಕೆಯನ್ನೂ ಹಾಕು. ಎಲ್ಲರೂ ತಲೆ ಬಗ್ಗಿಸಿ ಬರೆಯುವಾಗ, ಬಂದವರನ್ನು ನೋಡಿಕೊಳ್ಳುವವರಿಲ್ಲವೆಂದು ತನ್ನ ಹಾಳೆ ಬಿಟ್ಟು ಎದ್ದಳಲ್ಲ, ಅಂಥ ಮಗಳಿಗೆ ಅಂಕ ಹಾಕಲು ನಾನು ಯಾರು, ನೀನು ಯಾರು? ಅವಳ ಉತ್ತರಗಳನ್ನು ಕಂಡು ನಾನು ನಗೆಯಾಡಿದೆ. ಹೆಗಡೆಕಟ್ಟಾದವರ ಸಂಗತಿ ಓದಿದ ಮೇಲೆ ಆ ಹನ್ನೆರಡು ಹೆಂಗಸರ ಉತ್ತರವನ್ನು ಮತ್ತೆ ನೋಡಿದೆ. ಲೆಕ್ಕದಲ್ಲಿ ತಪ್ಪು, ಅಂಗಡಿಯಲ್ಲಿ ಅವಳೇ ಸರಿ.

ಅಪ್ಪಂದಿರು ತಮಗೆ ಬೇಕಾದ ಕುರ್ಚಿಯಲ್ಲಿ ಮಕ್ಕಳನ್ನು ಕೂರಿಸಲು ಹೋಗಿ ಮಕ್ಕಳನ್ನೇ ಕಳೆದುಕೊಳ್ಳುತ್ತಾರೆ. ನೀನು ಹಾಗೆ ಮಾಡಬೇಡ. ನಾಳೆಯೇ ಅವಳನ್ನು ಮಾಳಿಗೆಯಲ್ಲಿ ಕೂರಿಸು. ಜನ ಏನಾದರೂ ಅಂದುಕೊಳ್ಳಲಿ. ಬೇಕಾದರೆ ಪರೀಕ್ಷಕನ ಒಪ್ಪಿಗೆಯಿದೆ ಎಂದು ನನ್ನ ಹೆಸರು ಹೇಳು: ಏಳನೇ ನಂಬರಿನ ಹುಡುಗಿಯನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ನಾನು ಮಂಜಪ್ಪ, ಪೂರ್ಣ ಮನಸ್ಸಿನಿಂದ ಶಿಫಾರಸು ಮಾಡಿದ್ದೇನೆ.

ಇದನ್ನು ನಮ್ಮನೆಯವಳಿಗೆ ಓದಿ ಹೇಳಿದೆ. ನನ್ನ ಬರವಣಿಗೆಯನ್ನು ಎಂದೂ ಹೊಗಳದವಳು, "ಚೊಲೋ ಬರದ್ರಿ, ಇವತ್ತೇ ಹಾಕ್ಬಿಡಿ" ಎಂದು ತಾನೇ ಲಕೋಟೆಗೆ ಅಂಟು ಹಚ್ಚಿದಳು.

ನಿನ್ನ
ಮಂಜಪ್ಪ


ಶಿರಸಿ
೨ ಏಪ್ರಿಲ್ ೨೦೨೫

ಮಾಸ್ತರೇ,

ನಿನ್ನ ಶಿಫಾರಸಿನಂತೆ ಏಳನೇ ನಂಬರಿನ ಹುಡುಗಿಯನ್ನು ಯುಗಾದಿಯ ಮರುದಿನವೇ ಕೆಲಸಕ್ಕೆ ತೆಗೆದುಕೊಂಡೆ.

ಅವಳು ಸ್ಫೂರ್ತಿಯಲ್ಲ ಮಂಜಪ್ಪ. ನಮ್ಮ ಸ್ಫೂರ್ತಿಗೆ ಸೀರೆ ಕಂಡರೇ ಆಗುವುದಿಲ್ಲ, ಅವಳು ಆ ದಿನ ಮನೆಯಲ್ಲಿ ಮಲಗಿದ್ದಳು. ಅವಳು ಸಂಹಿತಾ. ನಿನ್ನ ಸಂಹಿತಾ.

ಕೂತು ಓದು, ನಿಂತು ಓದಬೇಡ. ಕೋಚಿಂಗಿಗೆ ಎರಡು ತಿಂಗಳು ಹೋಗಿದ್ದಾಳೆ, ಮೂರನೇ ತಿಂಗಳು ಬೆಳಿಗ್ಗೆ ಹೊರಟಾಗ ಹೊಟ್ಟೆನೋವು ಬರತೊಡಗಿತಂತೆ. ನಮ್ಮ ಅಂಗಡಿಯ ಮುಂದೆ ಕೆಲಸ ಖಾಲಿ ಇದೆ ಎಂಬ ಬೋರ್ಡು ನೋಡಿ ಬಂದವಳು, ನನ್ನನ್ನು ಕಂಡ ಕೂಡಲೇ, "ಕಾಕಾ, ಅಪ್ಪಂಗೆ ಹೇಳಡಿ. ಬ್ಯಾಂಕು ಹೇಳಿ ಊರಿಗೆಲ್ಲ ಹೇಳಿಬಿಟ್ಟಿದ್ದ" ಎಂದು, ಹೇಳಬಾರದೆಂದು ಕೈಹಿಡಿದು ಕಣ್ಣು ತುಂಬಿಕೊಂಡಳು. ಪ್ರಶ್ನೆಪತ್ರಿಕೆ ನಿನ್ನದೆಂದು ಅವಳಿಗೆ ಗೊತ್ತಿರಲಿಲ್ಲ. ಮೊನ್ನೆ ತಿಳಿಸಿದಾಗ, ಇಷ್ಟು ಕೆಟ್ಟ ಪ್ರಶ್ನೆಗಳನ್ನು ನಮ್ಮಪ್ಪ ಒಬ್ಬರೇ ಕೇಳುತ್ತಾರೆ ಎಂದುಕೊಂಡಿದ್ದೆ ಎಂದಳು.

ಹೊಗಳಿ ಅಟ್ಟಕ್ಕೇರಿಸುವುದಿಲ್ಲ. ಸೀರೆ ಮಡಚಿದರೆ ಮೂಟೆಯಾಗುತ್ತದೆ. ಬಿಲ್ಲು ಬರೆಯಲು ಅವಳ ಕೈಗೆ ಕೊಡುವುದಿಲ್ಲ. ಆದರೆ ಹೆಗಡೆಕಟ್ಟಾದವರು ಮತ್ತೆ ಬಂದು ಬೆಳಗಿನಿಂದ ಸಂಜೆಯವರೆಗೆ ಕೂತು, ಜಗಳವಾಡಿ, ರಾಜಿಯಾಗಿ, ಮೊದಲು ವಾಪಸು ಕೊಟ್ಟಿದ್ದ ಅವೇ ಸೀರೆಗಳನ್ನು ಒಯ್ದರು. ಎಷ್ಟು ಚೆಂದ ಜವಳಿಯಾಯಿತು ಎಂದು ಹೇಳಿ ಹೋದರು.

ಆನಂದನ ಚಿಂತೆ ಬೇಡ. ಅವನನ್ನು ಬಿಡಿಸಿದ್ದು ನಾನಲ್ಲ, ಪರೀಕ್ಷೆಯಲ್ಲ, ಅವನ ಸೋದರತ್ತೆಯೇ. ನಮ್ಮನೆಯಲ್ಲಿ ಊಟಕ್ಕೆ ಕೂತಾಗ, ಅತ್ತಿ, ನಿನ್ನ ರೊಟ್ಟಿ ಒಂದು ಕಡೆ ದಪ್ಪ ಒಂದು ಕಡೆ ತೆಳು,  ನಡುವಿನಿಂದ ತಟ್ಟಿದರೆ ಸರಿಹೋದೀತು ಎಂದು ತಟ್ಟೆಯಲ್ಲಿ ಬೆರಳಿಟ್ಟು ತೋರಿಸಿದ. ಆ ಸಂಜೆ ನೀಲಗಂಗವ್ವ, "ಮದಲ ಇವನ್ನ ಬ್ಯಾರೆ ಎಲ್ಲೆರ ಹಚ್ಚರಿ" ಅಂದಳು. ನಾನು ಜೀವನದಲ್ಲಿ ಮೊದಲ ಸಲ 'ನೋಡೂಣು' ಅನ್ನಲಿಲ್ಲ, ಹೂಂ ಅಂದೆ. ಅವನು ಬ್ಯಾಂಕ್ ಪರೀಕ್ಷೆಗೆ ಓದುತ್ತಾನಂತೆ. ಇಪ್ಪತ್ತಮೂರನೇ ಪ್ರಶ್ನೆ ತೆಗೆದವರ ವಿಳಾಸ ಬೇಕು ಎಂದ, ಕೊಟ್ಟಿದ್ದೇನೆ.

ಈಗ ನಿನ್ನ ಮಾತು ಬೇಕು. ಕಾಗದದಲ್ಲಿ ನೀನು ಒಪ್ಪಿದ್ದು ನನ್ನ ಮಗಳೆಂದು ತಿಳಿದು. ಅಪ್ಪ ಬಾ ಅಂದರೆ ಎದ್ದು ಬಂದುಬಿಡುತ್ತೇನೆ ಎಂದು ಸಂಹಿತಾ ಹೇಳುತ್ತಾಳೆ. ಅವಳು ಹಾಗೆ ಮಾಡುವವಳೇ. ನಿನ್ನ ಮಗಳಿಗೂ ಅದೇ ಶಿಫಾರಸು ಇದೆಯೋ, ಇಲ್ಲವೋ?

ಶಂಕ್ರಪ್ಪ


ಶಿರಸಿ
೧೮ ಏಪ್ರಿಲ್ ೨೦೨೫

ಮಂಜಪ್ಪಾ,

ಉತ್ತರ ಬರಲಿಲ್ಲ. ಅಂಚೆಯವನು ಅಂಗಡಿಯ ಮುಂದೆ ಬಂದಾಗಲೆಲ್ಲ ಅವಳು ಮಾಳಿಗೆಯ ಕಿಟಕಿಯಲ್ಲಿ ನಿಲ್ಲುತ್ತಾಳೆ. ನಿನಗೆ ಮೋಸ ಮಾಡಿದೆ ಅನ್ನಿಸಿದರೆ ನನ್ನನ್ನು ಬೈ, ನಾನು ಬೈಸಿಕೊಳ್ಳಲು ತಯಾರಿದ್ದೇನೆ. ಅವಳನ್ನು ಹೀಗೆ ಕಾಯಿಸಬೇಡ.

ಶಂಕ್ರಪ್ಪ


ಮಂಚಿಕೇರಿ
೨ ಮೇ ೨೦೨೫

ಶಂಕ್ರಪ್ಪಾ,

ನೀನು ಕಳ್ಳ. ನಮ್ಮನೆಯವಳು ನಿನಗಿಂತ ದೊಡ್ಡ ಕಳ್ಳಿ, ಅಕ್ಷರ ನೋಡಿದ ದಿನವೇ ಅವಳಿಗೆ ಗೊತ್ತಾಗಿತ್ತಂತೆ. ಯಾಕೆ ಹೇಳಲಿಲ್ಲ ಎಂದರೆ, ನೀವು ಕೇಳಲಿಲ್ಲವಲ್ಲ ಎಂದಳು. ಅದರ ಮೇಲೆ ಆ ಆನಂದ ಬೇರೆ ಬಂದು ಒಕ್ಕರಿಸಿದ್ದ. ಇಪ್ಪತ್ತಮೂರನೇ ಪ್ರಶ್ನೆಯಿಂದ ಶುರುಮಾಡಿ ಉಳಿದ ಮೂವತ್ತೊಂಬತ್ತರಲ್ಲೂ ದೋಷ ತೋರಿಸಿದ. ನಾನು ಬಯಸಿದ ಮಗ ಹೇಗಿರುತ್ತಾನೆಂದು ನೋಡಿದ ಹಾಗಾಯಿತು. ನಾನೇ ಹೋಗಿ ಬಸ್ಸು ಹತ್ತಿಸಿ ಬಂದೆ.

ನಿನಗೆ ಬರೆಯಲಿಲ್ಲ ಯಾಕೆಂದರೆ ಬರೆದು ಹೇಳುವುದಲ್ಲ, ಅವಳನ್ನು ಕೈಹಿಡಿದು ಕರೆತರುವುದೆಂದು ನಿಶ್ಚಯ ಮಾಡಿದ್ದೆ. ಮೊನ್ನೆ ಬುಧವಾರ ಶಿರಸಿಗೆ ಬಂದೆ. ನೀನು ಹುಬ್ಬಳ್ಳಿಗೆ ಹೋಗಿದ್ದೆಯಂತೆ, ಒಳ್ಳೆಯದೇ ಆಯಿತು. ಮಾಳಿಗೆ ಹತ್ತಿದೆ. ಬಸವ ಜಯಂತಿಯ ದಿನವಾದ್ದರಿಂದ ಗಿರಾಕಿ ಹೆಚ್ಚಿರಲಿಲ್ಲ. ಅವಳು ನನ್ನನ್ನು ಕಂಡು ಬೆಳ್ಳಗಾದಳು. ಆಮೇಲೆ ಒಂದು ಲೋಟ ನೀರು ತಂದಿಟ್ಟು, ಗಾದಿಯ ಮೇಲೆ ಕೂರಲು ಹೇಳಿದಳು. ನಾನು ಬೈಯಲು ಮಾತು ಹುಡುಕುತ್ತ ಕೂತೆ. ಅವಳು ಬಾಗಿಲಿಗೆ ಬಂದವರಿಗೆ ಕೇಳುವ ಹಾಗೆಯೇ ನನ್ನನ್ನೂ ಕೇಳಿದಳು, "ಯಾರಿಗೆ ಸೀರೆ ಅಪ್ಪಾ?"

ಬಾಯಿಗೆ ಬಂದದ್ದು ಹೇಳಿದೆ. ನಿನ್ನ ಹೆತ್ತ ಆಯಿಗೆ ಎಂದೆ.

"ಆಯಿಗೆ ಯಾವ ಬಣ್ಣ ಇಷ್ಟ?"

ನನಗೆ ಗೊತ್ತಿರಲಿಲ್ಲ. ಅಂಚು ಅಗಲ ಬೇಕೋ ಸಣ್ಣದೋ ಎಂದಳು. ಗೊತ್ತಿರಲಿಲ್ಲ. ಹತ್ತಿಯದೋ ರೇಷ್ಮೆಯದೋ, ಯಾವುದನ್ನು ಹೆಚ್ಚು ಉಡುತ್ತಾಳೆ ಎಂದಳು. ಶಂಕ್ರಪ್ಪಾ, ದಿನಾ ಬೆಳಗಾದರೆ ನನ್ನ ಎದುರಿಗೆ ಓಡಾಡುವ ಹೆಂಗಸು. ನಾನು ಸೀರೆಗಳ ರಾಶಿಯ ನಡುವೆ ತಲೆ ತಗ್ಗಿಸಿ ಕೂತುಬಿಟ್ಟೆ. ನನಗೆ ಬಹಳ ನಾಚಿಕೆಯಾಯಿತು.

ಅವಳು ನಗಲಿಲ್ಲ. "ಅಡ್ಡಿಲ್ಲೆ ಅಪ್ಪ, ಆನು ಹೇಳ್ತೆ" ಎಂದು ಪಕ್ಕದಲ್ಲಿ ಕೂತಳು. ಬೆಳಿಗ್ಗೆ ಹೋದವನು ಸಂಜೆ ಎದ್ದೆ. ನಡುವೆ ಊಟವಾಯಿತು, ಮುನಿಸಾಯಿತು, ಕಣ್ಣೀರೂ ಆಯಿತು, ಯಾರದ್ದೆಂದು ಕೇಳಬೇಡ. ಬ್ಯಾಂಕಿನ ಸುದ್ದಿ ಎತ್ತಲು ನೆನಪೇ ಆಗಲಿಲ್ಲ.

ಯಲ್ಲಾಪುರದ ಬಸ್ಸಿನಲ್ಲಿ ಊರಿನವರೊಬ್ಬರು ಪಕ್ಕದಲ್ಲಿ ಕೂತು, ಮಗಳು ಬ್ಯಾಂಕಿನಲ್ಲಿದ್ದಾಳಂತಲ್ಲ ಎಂದು ಕೇಳಿದರು. ಇಲ್ಲ, ಶಿರಸಿಯಲ್ಲಿ ಜವಳಿ ಅಂಗಡಿಯಲ್ಲಿದ್ದಾಳೆ, ನಿಮ್ಮನೆಯಲ್ಲಿ ಮದುವೆಯಿದ್ದರೆ ಇಡೀ ದಿನ ಬಿಡುವು ಮಾಡಿಕೊಂಡು ಹೋಗಿ ಎಂದೆ. ಅಷ್ಟು ದೊಡ್ಡ ದನಿಯಲ್ಲಿ ಹೇಳಬೇಕಾಗಿರಲಿಲ್ಲ, ಇಡೀ ಬಸ್ಸು ತಿರುಗಿ ನೋಡಿತು.

ಮನೆಗೆ ಬಂದು ಪೊಟ್ಟಣ ಕೊಟ್ಟೆ. ಬಿಚ್ಚಿದವಳು ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ಸವರುತ್ತ ಕೂತಳು. ಆಮೇಲೆ, "ಇದು ನಿಂಗ ಆರಿಸಿದ್ದಲ್ಲ" ಅಂದಳು. ನಾನು ಅಲ್ಲ ಎಂದೆ. ಕೂಸು ಆರಾಮಿದ್ದಾಳೆಯೇ ಎಂದು ಕೇಳಿದಳು. ಆರಾಮಿದ್ದಾಳೆ, ಅಲ್ಲೇ ಇರಲಿ ಎಂದೆ.

ಸೀರೆ ಆಯಿಗೆ ತುಂಬ ಹಿಡಿಸಿತೆಂದು ಸಂಹಿತಾಳಿಗೆ ಹೇಳು. ಅಪ್ಪ ಹೇಳಿಕಳಿಸಿದ್ದಾರೆ ಎಂದೇ ಹೇಳು.

ಮಂಜಪ್ಪ